ಜುಟ್ಟು ಅವರ ಕೈಗೆ ಸಿಗದಿರಲಿ: ಆನ್‌ಲೈನ್ ಬ್ಲ್ಯಾಕ್‌ಮೇಲ್‌ನಿಂದ ಖಾಸಗಿ ಬದುಕನ್ನು ಕಾಪಾಡಿಕೊಳ್ಳುವುದು ಹೇಗೆ

ಒಂದು ರಾತ್ರಿ ಹನ್ನೊಂದೂವರೆಗೆ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ. ಮಾತೇ ಹೊರಡುತ್ತಿರಲಿಲ್ಲ. ಕೊನೆಗೆ ಎರಡು ಸ್ಕ್ರೀನ್‌ಶಾಟ್ ಕಳಿಸಿದ. ಮೊದಲನೆಯದು ಅವನದೇ ಇನ್‌ಸ್ಟಾಗ್ರಾಂ ಫಾಲೋವರ್ಸ್ ಪಟ್ಟಿ. ಅದರಲ್ಲಿ ನಾಲ್ಕು ಹೆಸರಿಗೆ ಬೆದರಿಸುವವರು ಕೆಂಪು ಸುತ್ತು ಹಾಕಿದ್ದರು: ಅವನ ಅಕ್ಕ, ಸೋದರಮಾವ, ಪಾಠ ಹೇಳುವ ಮೇಷ್ಟ್ರು, ಜೊತೆಗೆ ಓದುವ ಗೆಳತಿ. ಎರಡನೆಯದರಲ್ಲಿ ಒಂದೇ ಸಾಲು. ‘ಇಪ್ಪತ್ತು ನಿಮಿಷ ಟೈಮ್, ದುಡ್ಡು ಬರಲಿಲ್ಲ ಅಂದ್ರೆ ಮೊದಲು ನಿನ್ನ ಅಕ್ಕನಿಗೆ.’ ವಿಡಿಯೊ ಕಾಲ್‌ನಲ್ಲಿ ಅವರು ರೆಕಾರ್ಡ್ ಮಾಡಿಕೊಂಡಿದ್ದ ದೃಶ್ಯವನ್ನು ನಾನು ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಹುಡುಗ ನಡುಗುತ್ತಿದ್ದುದು ಆ ಕೆಂಪು ಸುತ್ತುಗಳನ್ನು ನೋಡಿ.

ಬ್ಲ್ಯಾಕ್‌ಮೇಲ್ ಮಾಡುವವನ ಕೈಗೆ ನಮ್ಮ ಜುಟ್ಟು ಸಿಗುವುದು ಎಲ್ಲಿ ಎಂದು ಆ ರಾತ್ರಿ ನನಗೆ ಸ್ಪಷ್ಟವಾಯಿತು. ನಮಗೆ ಯಾರು ಬೇಕಾದವರು, ಯಾರ ಮುಂದೆ ನಾವು ತಲೆತಗ್ಗಿಸಲಾರೆವು ಎಂಬ ಪಟ್ಟಿಯೇ ಆ ಜುಟ್ಟು. ಫೋಟೊ ಕೈಯಲ್ಲಿದ್ದರೂ ಅದನ್ನು ಯಾರಿಗೆ ತೋರಿಸಬೇಕೆಂದು ಗೊತ್ತಿಲ್ಲದವನ ಬೆದರಿಕೆಗೆ ಹಲ್ಲಿರುವುದಿಲ್ಲ. ಫೋಟೊ ಎಂದೂ ಸೋರದಂತೆ ನೂರಕ್ಕೆ ನೂರು ತಡೆಯುತ್ತೇನೆ ಎಂದು ಯಾರೂ ಹೇಳಲಾಗದು. ಪಟ್ಟಿಯನ್ನು ಮುಚ್ಚಿಡುವುದು ಮಾತ್ರ ಇವತ್ತೇ, ಅರ್ಧ ಗಂಟೆಯಲ್ಲಿ ಆಗುವ ಕೆಲಸ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ. ಈಗಾಗಲೇ ಬೆದರಿಕೆ ಬಂದಿದ್ದರೆ ಮೊದಲಿನದನ್ನೆಲ್ಲ ಬಿಟ್ಟು ನೇರವಾಗಿ ‘ಬೆದರಿಕೆ ಬಂದ ಮೊದಲ ಗಂಟೆ’ ಎಂಬ ಭಾಗಕ್ಕೆ ಹೋಗಿ.

ಹಂತ 1: ಅಪರಿಚಿತರ ಕಣ್ಣಿನಿಂದ ನಿಮ್ಮನ್ನೇ ನೋಡಿಕೊಳ್ಳಿ

ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ಯಾವ ಖಾತೆಗೂ ಲಾಗಿನ್ ಆಗದೆ ನಿಮ್ಮ ಹೆಸರು, ಫೋನ್ ನಂಬರ್, ಇಮೇಲ್, ನೀವು ಎಲ್ಲ ಕಡೆ ಬಳಸುವ ಯೂಸರ್‌ನೇಮ್, ಇವನ್ನು ಒಂದೊಂದಾಗಿ ಹುಡುಕಿ. ಸಿಕ್ಕಿದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಳ್ಳಿ. ಹತ್ತು ವರ್ಷದ ಹಿಂದೆ ತೆರೆದು ಮರೆತ ಖಾತೆ, ಹಳೆಯ ರೆಸ್ಯೂಮೆ, ಯಾವುದೋ ಸಂಘದ ಸದಸ್ಯರ ಪಟ್ಟಿ ಹೀಗೆ ಹುಡುಕಿದಾಗಲೇ ಕಣ್ಣಿಗೆ ಬೀಳುವುದು.

ಆಮೇಲೆ ನಿಮ್ಮ ಡಿಪಿಯನ್ನು ಗೂಗಲ್ ಲೆನ್ಸ್‌ನಂಥ ಚಿತ್ರದ ಹುಡುಕಾಟಕ್ಕೆ ಹಾಕಿ. ಡೇಟಿಂಗ್ ಆ್ಯಪ್‌ನಲ್ಲಿ ಬರೀ ಅಡ್ಡಹೆಸರು ಕೊಟ್ಟು, ಲಿಂಕ್ಡ್‌ಇನ್‌ನಲ್ಲಿರುವ ಫೋಟೊವನ್ನೇ ಅಲ್ಲಿಗೂ ಹಾಕಿದವರು ಬಹಳ ಜನ. ಒಂದು ಹುಡುಕಾಟ ಸಾಕು, ಪೂರ್ತಿ ಹೆಸರು, ಕೆಲಸದ ಜಾಗ, ಸಹೋದ್ಯೋಗಿಗಳು ಎಲ್ಲ ಹೊರಗೆ. ಗುರುತು ಮರೆಸಬೇಕಾದ ಕಡೆ ಬೇರೆಲ್ಲೂ ಹಾಕದ ಫೋಟೊ, ಬೇರೆಲ್ಲೂ ಬಳಸದ ಯೂಸರ್‌ನೇಮ್ ಇರಲಿ.

ಹಂತ 2: ಪಟ್ಟಿಗೆ ಬೀಗ ಹಾಕಿ

ಫೇಸ್‌ಬುಕ್‌ನ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಫ್ರೆಂಡ್ಸ್ ಪಟ್ಟಿಯನ್ನು ಯಾರು ನೋಡಬಹುದು ಎಂಬ ಆಯ್ಕೆಯಿದೆ. ಅದನ್ನು ‘ಓನ್ಲಿ ಮಿ’ ಮಾಡಿ. ಇಬ್ಬರಿಗೂ ಗೊತ್ತಿರುವ ಮ್ಯೂಚುವಲ್ ಫ್ರೆಂಡ್ಸ್ ಆಗಲೂ ಕಾಣುತ್ತಾರೆ. ಅಂದರೆ ಅಪರಿಚಿತರ ಒಂದು ರಿಕ್ವೆಸ್ಟನ್ನು ನಿಮ್ಮ ಗೆಳೆಯ ಒಪ್ಪಿಕೊಂಡಿದ್ದರೆ ನಿಮ್ಮ ಪಟ್ಟಿಯ ಒಂದು ಎಳೆ ಅವರಿಗೆ ಸಿಕ್ಕಂತೆ. ‘ನನ್ನ ಗೆಳೆಯರಿಗೆ ಗೊತ್ತಿರುವವರಲ್ವಾ’ ಎಂದುಕೊಂಡು ಒಪ್ಪುವ ಅಭ್ಯಾಸ ಬಿಡಿ. ಮ್ಯೂಚುವಲ್ ಫ್ರೆಂಡ್ಸ್ ಹತ್ತು ಜನ ಇದ್ದಾರೆ ಎಂಬುದಕ್ಕೆ, ಹತ್ತು ಜನ ಯೋಚಿಸದೆ ಒಪ್ಪಿಕೊಂಡಿದ್ದಾರೆ ಎಂಬ ಅರ್ಥವೂ ಇದೆ.

ಇನ್‌ಸ್ಟಾಗ್ರಾಂ ಖಾತೆಯನ್ನು ಪ್ರೈವೇಟ್ ಮಾಡಿದರೆ ಫಾಲೋ ಮಾಡದವರಿಗೆ ನಿಮ್ಮ ಪಟ್ಟಿ ಕಾಣದು. ಆದರೆ ರಿಕ್ವೆಸ್ಟ್ ಒಪ್ಪಿಕೊಂಡ ಕ್ಷಣವೇ ಪೂರ್ತಿ ಪಟ್ಟಿ ಅವರ ಮುಂದಿರುತ್ತದೆ. ಆ ಹುಡುಗನ ವಿಷಯದಲ್ಲಿ ಆದದ್ದೂ ಅದೇ: ಖಾತೆ ಪ್ರೈವೇಟ್ ಆಗಿತ್ತು, ಹೊಸದಾಗಿ ಪರಿಚಯವಾದ ‘ಹುಡುಗಿ’ಯ ರಿಕ್ವೆಸ್ಟನ್ನು ಅವನೇ ಒಪ್ಪಿಕೊಂಡಿದ್ದ. ಮಾತು ಶುರುವಾಗುವ ಮೊದಲೇ ಅವರು ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿರುತ್ತಾರೆ. ಆಮೇಲೆ ಬ್ಲಾಕ್ ಮಾಡಿ ಪ್ರಯೋಜನವಿಲ್ಲ. ಈಗಿರುವ ಫಾಲೋವರ್‌ಗಳಲ್ಲಿ ಮುಖಪರಿಚಯ ಇಲ್ಲದವರನ್ನು ಇವತ್ತೇ ತೆಗೆದುಹಾಕಿ. ತೆಗೆದರೆ ಅವರಿಗೆ ನೋಟಿಫಿಕೇಷನ್ ಹೋಗುವುದಿಲ್ಲ, ಆದ್ದರಿಂದ ಸಂಕೋಚ ಬೇಡ.

ಲಿಂಕ್ಡ್‌ಇನ್‌ನಲ್ಲಿ ಕನೆಕ್ಷನ್‌ಗಳು ಬೇರೆಯವರಿಗೆ ಕಾಣದಂತೆ ಮಾಡಬಹುದು. ವಾಟ್ಸ್ಆ್ಯಪ್‌ನಲ್ಲಿ ಡಿಪಿ, ಸ್ಟೇಟಸ್ ಮತ್ತು ಗ್ರೂಪಿಗೆ ಸೇರಿಸುವ ಹಕ್ಕು ಮೂರನ್ನೂ ‘ಮೈ ಕಾಂಟ್ಯಾಕ್ಟ್ಸ್’ಗೆ ಸೀಮಿತ ಮಾಡಿ. ಟೆಲಿಗ್ರಾಂನಲ್ಲಿ ಫೋನ್ ನಂಬರ್ ಯಾರಿಗೂ ಕಾಣದಂತಿರಲಿ. ‘ಅಮ್ಮನ ಹುಟ್ಟುಹಬ್ಬ’ ಎಂದು ಟ್ಯಾಗ್ ಮಾಡಿದ ಹಳೆಯ ಪೋಸ್ಟ್‌ಗಳನ್ನೂ ಒಮ್ಮೆ ನೋಡಿ. ಪಟ್ಟಿ ಮುಚ್ಚಿದ್ದರೂ ಅಮ್ಮ ಯಾರು, ತಂಗಿ ಯಾರು ಎಂದು ಆ ಪೋಸ್ಟ್‌ಗಳೇ ಹೇಳಿಬಿಡುತ್ತವೆ.

ಪಟ್ಟಿ ಸೋರುವ ಇನ್ನೊಂದು ದಾರಿ ಫೋನಿನೊಳಗೇ ಇದೆ. ಸೆಟ್ಟಿಂಗ್ಸ್‌ನ ಪರ್ಮಿಷನ್ ಭಾಗಕ್ಕೆ ಹೋಗಿ ಕಾಂಟ್ಯಾಕ್ಟ್ಸ್ ಮತ್ತು ಗ್ಯಾಲರಿ ನೋಡುವ ಅನುಮತಿ ಯಾವ ಯಾವ ಆ್ಯಪ್‌ಗಳಿಗೆ ಇದೆ ಎಂದು ನೋಡಿ. ಟಾರ್ಚ್‌ಗೆ, ಕೀಬೋರ್ಡ್‌ಗೆ, ಗೇಮ್‌ಗೆ ನಿಮ್ಮ ಕಾಂಟ್ಯಾಕ್ಟ್ಸ್ ಏಕೆ? ಐದು ನಿಮಿಷದಲ್ಲಿ ಸಾಲ ಕೊಡುತ್ತೇವೆ ಎನ್ನುವ ಆ್ಯಪ್ ಕಾಂಟ್ಯಾಕ್ಟ್ಸ್ ಮತ್ತು ಗ್ಯಾಲರಿ ಎರಡನ್ನೂ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಅಂಥ ಆ್ಯಪ್‌ಗಳು ಎಷ್ಟೋ ದೇಶಗಳಲ್ಲಿ ಸಾಲಗಾರರ ಫೋಟೊ ತಿರುಚಿ ಅವರ ಕಾಂಟ್ಯಾಕ್ಟ್ಸ್‌ನಲ್ಲಿದ್ದವರಿಗೆಲ್ಲ ಕಳಿಸಿವೆ.

ಹಂತ 3: ಇಮೇಲನ್ನು ಭದ್ರ ಮಾಡಿ

ಬೇರೆ ಎಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಇಮೇಲಿಗೆ. ಹಾಗಾಗಿ ಮೊದಲು ಅದನ್ನು ಕಾಯಬೇಕು. ಉದ್ದನೆಯ, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ, ನೆನಪಿಡಲು ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಎರಡು ಹಂತದ ಲಾಗಿನ್‌ಗೆ ಸಾಧ್ಯವಿದ್ದಲ್ಲೆಲ್ಲ ಎಸ್ಸೆಮ್ಮೆಸ್ ಬದಲು ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಇರಲಿ. ನಿಮ್ಮ ಸಿಮ್ಮಿನ ನಕಲು ಮಾಡಿಸಿಕೊಂಡವನಿಗೆ ಎಸ್ಸೆಮ್ಮೆಸ್ ಓಟಿಪಿ ಸಿಗುತ್ತದೆ, ಆ್ಯಪ್‌ನ ಕೋಡ್ ಸಿಗದು. ವಾಟ್ಸ್ಆ್ಯಪ್‌ನಲ್ಲಿ ಆರಂಕಿಯ ಟೂ ಸ್ಟೆಪ್ ವೆರಿಫಿಕೇಷನ್ ಪಿನ್ ಹಾಕಿ. ಅಲ್ಲೇ ‘ಲಿಂಕ್ಡ್ ಡಿವೈಸಸ್’ ನೋಡಿ, ನಿಮ್ಮದಲ್ಲದ ಕಂಪ್ಯೂಟರ್ ಕಂಡರೆ ಲಾಗೌಟ್ ಮಾಡಿ.

2013ರಲ್ಲಿ ಆಸ್ಟ್ರೇಲಿಯಾದ ಟ್ರಾಯ್ ಹಂಟ್ ಶುರು ಮಾಡಿದ ‘ಹ್ಯಾವ್ ಐ ಬೀನ್ ಪೋನ್ಡ್’ ಎಂಬ ತಾಣದಲ್ಲಿ ನಿಮ್ಮ ಇಮೇಲ್ ಹಾಕಿದರೆ ಅದು ಯಾವ ಯಾವ ಸೋರಿಕೆಯಲ್ಲಿ ಹೊರಬಿದ್ದಿದೆ ಎಂದು ಹೇಳುತ್ತದೆ. ಇದನ್ನು ತಿಳಿದಿರುವುದಕ್ಕೆ ಇನ್ನೊಂದು ಉಪಯೋಗವೂ ಇದೆ. 2018ರಲ್ಲಿ ಜಗತ್ತಿನಾದ್ಯಂತ ಜನರಿಗೆ ಒಂದು ಬಗೆಯ ಇಮೇಲ್ ಬರತೊಡಗಿತು. ವಿಷಯದ ಸಾಲಿನಲ್ಲೇ ಅವರದೇ ಹಳೆಯ ಪಾಸ್‌ವರ್ಡ್. ಒಳಗೆ ‘ನಿನ್ನ ವೆಬ್‌ಕ್ಯಾಮ್‌ನಲ್ಲಿ ನಿನ್ನನ್ನು ರೆಕಾರ್ಡ್ ಮಾಡಿದ್ದೇನೆ, ಬಿಟ್‌ಕಾಯಿನ್ ಕಳಿಸು’ ಎಂಬ ಬೆದರಿಕೆ. ರೆಕಾರ್ಡಿಂಗ್ ಏನೂ ಇರಲಿಲ್ಲ. ಹಳೆಯ ಸೋರಿಕೆಯ ಪಾಸ್‌ವರ್ಡ್ ತೆಗೆದುಕೊಂಡು ಲಕ್ಷಾಂತರ ಜನಕ್ಕೆ ಒಂದೇ ಪತ್ರ ಹಾಕಿದ್ದರು. ಅದೇ ಬಗೆಯ ಪತ್ರ ಈಗಲೂ ಬರುತ್ತದೆ. ಒಂದೇ ಒಂದು ಫೋಟೊದ ಸಾಕ್ಷ್ಯವೂ ಇಲ್ಲದೆ ಬರೀ ಪಾಸ್‌ವರ್ಡ್ ತೋರಿಸಿ ಹೆದರಿಸಿದರೆ ಆ ಪಾಸ್‌ವರ್ಡ್ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬದಲಿಸಿ. ಪತ್ರಕ್ಕೆ ಉತ್ತರ ಬೇಡ.

ಹಂತ 4: ಫೋನಿನಲ್ಲಿರುವ ಚಿತ್ರಗಳು

ಖಾಸಗಿ ಫೋಟೊ ತೆಗೆದುಕೊಂಡವರನ್ನು ಬೈಯಲು ನಾನಿದನ್ನು ಬರೆಯುತ್ತಿಲ್ಲ. ಅದು ಅವರವರ ಬದುಕು, ಅವರವರ ನಿರ್ಧಾರ. ಇಟ್ಟುಕೊಳ್ಳುವುದಾದರೆ ಎಲ್ಲಿ ಇಟ್ಟುಕೊಳ್ಳುತ್ತೀರಿ ಎಂಬುದಷ್ಟೇ ನನ್ನ ಚಿಂತೆ. ಗ್ಯಾಲರಿಯ ಪ್ರತಿ ಚಿತ್ರವೂ ತಾನಾಗಿ ಕ್ಲೌಡ್‌ಗೆ ಬ್ಯಾಕಪ್ ಆಗುತ್ತಿರಬಹುದು, ಮನೆಯ ಟ್ಯಾಬ್ಲೆಟ್‌ನಲ್ಲೂ ಕಾಣುತ್ತಿರಬಹುದು. ಅಂಥವನ್ನು ಲಾಕ್ಡ್ ಫೋಲ್ಡರ್‌ಗೆ ಹಾಕಿ. ಡಿಲೀಟ್ ಮಾಡಿದ ಮೇಲೆ ಟ್ರ್ಯಾಶ್ ಕೂಡ ಖಾಲಿ ಮಾಡಿ. ಐಫೋನ್‌ನಲ್ಲಿ ಅಳಿಸಿದ ಚಿತ್ರ ಸುಮಾರು 30 ದಿನ, ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರ 60 ದಿನ ಅಲ್ಲೇ ಕೂತಿರುತ್ತದೆ.

ಕಳಿಸುವುದಾದರೆ ಮುಖ, ಮಚ್ಚೆ, ಹಚ್ಚೆ, ಗೋಡೆಯ ಮೇಲಿನ ಚಿತ್ರ, ಕಿಟಕಿಯಾಚೆಯ ನೋಟ, ಯಾವುದೂ ಗುರುತು ಹಿಡಿಯುವಂತೆ ಇರಬಾರದು. ಕ್ಯಾಮೆರಾದ ಲೊಕೇಷನ್ ಆಫ್ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊವನ್ನು ಫೋಟೊ ಆಗಿಯೇ ಕಳಿಸಿದರೆ ಅದರೊಳಗಿನ ಸ್ಥಳದ ವಿವರ ಕಳಚಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಒಮ್ಮೆ ತೆರೆದರೆ ಮಾಯವಾಗುವ ‘ವ್ಯೂ ಒನ್ಸ್’ ನಂಬಿ ಕೂರಬೇಡಿ. ಎದುರಿನವರು ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆದರೆ ನಿಮಗೆ ಗೊತ್ತೂ ಆಗದು.

ಫೋನ್ ರಿಪೇರಿಗೆ ಕೊಡುವಾಗ ಲಾಕ್ ಪಿನ್ ಬರೆದುಕೊಡುವ ಅಭ್ಯಾಸ ಅಪಾಯದ್ದು. ಸ್ಯಾಮ್‌ಸಂಗ್‌ನಲ್ಲಿ ‘ಮೇಂಟೆನೆನ್ಸ್ ಮೋಡ್’, ಪಿಕ್ಸೆಲ್‌ನಲ್ಲಿ ‘ರಿಪೇರ್ ಮೋಡ್’ ಇವೆ. ಆನ್ ಮಾಡಿ ಕೊಟ್ಟರೆ ನಿಮ್ಮ ಫೋಟೊ, ಮೆಸೇಜ್ ಏನೂ ಕಾಣವು. ಹಳೆಯ ಫೋನ್ ಮಾರುವ ಮುಂಚೆ ಫ್ಯಾಕ್ಟರಿ ರೀಸೆಟ್ ಮಾಡಿ, ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ.

ಹಂತ 5: ಹತ್ತಿರದವರು ದೂರವಾದಾಗ

ಬೆದರಿಸುವವರು ಯಾವಾಗಲೂ ಅಪರಿಚಿತರೇ ಆಗಿರುವುದಿಲ್ಲ. ಪ್ರೀತಿಯಲ್ಲಿದ್ದಾಗ ಪಾಸ್‌ವರ್ಡ್ ಹಂಚಿಕೊಂಡಿರುತ್ತೇವೆ, ಮುರಿದ ಮೇಲೆ ಬದಲಿಸಲು ಮರೆತಿರುತ್ತೇವೆ. ದೂರವಾದ ದಿನವೇ ಇಮೇಲ್, ಕ್ಲೌಡ್, ಸೋಷಿಯಲ್ ಮೀಡಿಯಾ ಎಲ್ಲ ಕಡೆ ‘ಯುವರ್ ಡಿವೈಸಸ್’ ಪಟ್ಟಿ ನೋಡಿ. ಐಫೋನ್‌ನಲ್ಲಿ 2022ರಲ್ಲಿ ಬಂದ ಐಒಎಸ್ 16ರಿಂದ ‘ಸೇಫ್ಟಿ ಚೆಕ್’ ಇದೆ. ಲೊಕೇಷನ್, ಫೋಟೊಗಳಂಥವು ಯಾರ ಜೊತೆ ಹಂಚಿಕೆಯಾಗಿವೆ ಎಂದು ಒಂದೇ ಕಡೆ ತೋರಿಸಿ ಕಡಿದುಹಾಕಲು ಬಿಡುತ್ತದೆ. ಆದರೆ ಒಂದು ಎಚ್ಚರ. ಆ ವ್ಯಕ್ತಿ ಕೈಮಾಡುವ ಸ್ವಭಾವದವರಾಗಿದ್ದರೆ, ಲೊಕೇಷನ್ ಏಕಾಏಕಿ ನಿಂತದ್ದು ಗೊತ್ತಾಗಿ ಸಿಟ್ಟು ನೆತ್ತಿಗೇರಬಹುದು. ಮೊದಲು ಸುರಕ್ಷಿತ ಜಾಗ, ನಂಬುವ ಜನ, ಆಮೇಲೆ ಸೆಟ್ಟಿಂಗ್ಸ್.

ಹಂತ 6: ಹೊಸ ಪರಿಚಯ ಮತ್ತು ವಿಡಿಯೊ ಕಾಲ್

ಈ ಬಲೆಯ ನಡೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಚೆಂದದ ಪ್ರೊಫೈಲಿನಿಂದ ‘ಹಾಯ್’ ಬರುತ್ತದೆ. ಅರ್ಧ ಗಂಟೆಯಲ್ಲಿ ಮಾತು ಬೇರೆ ಆ್ಯಪ್‌ಗೆ ಹೋಗುತ್ತದೆ. ಆಮೇಲೆ ವಿಡಿಯೊ ಕಾಲ್. ಆಚೆ ಕಡೆ ಓಡುತ್ತಿರುವುದು ಮೊದಲೇ ರೆಕಾರ್ಡ್ ಮಾಡಿದ ದೃಶ್ಯ, ಈಚೆ ಕಡೆ ನಿಮ್ಮ ಮುಖ. ಐದಾರು ಸೆಕೆಂಡು ಸಿಕ್ಕರೂ ಅವರಿಗೆ ಸಾಕು. ನೀವು ಏನೂ ಮಾಡದಿದ್ದರೂ ಆ ದೃಶ್ಯದ ಪಕ್ಕದಲ್ಲಿ ನಿಮ್ಮ ಮುಖ ಇರುವ ಒಂದು ಚೌಕಟ್ಟು ತಯಾರಾಗುತ್ತದೆ. ಗೊತ್ತಿಲ್ಲದ ನಂಬರಿನ ವಿಡಿಯೊ ಕಾಲ್ ಎತ್ತಬೇಡಿ. ಎತ್ತಲೇಬೇಕಾದರೆ ಫ್ರಂಟ್ ಕ್ಯಾಮೆರಾದ ಮೇಲೆ ಹೆಬ್ಬೆರಳಿಟ್ಟು ಎತ್ತಿ. ಆಚೆಯವರು ನಿಜವಾಗಿ ಇದ್ದಾರೋ ಎಂದು ತಿಳಿಯಲು ‘ಎಡಗೈಯಲ್ಲಿ ಮೂರು ಬೆರಳು ತೋರಿಸಿ’ ಎಂದು ಕೇಳಿ. ನೆಟ್‌ವರ್ಕ್ ಸರಿಯಿಲ್ಲ, ಮೈಕ್ ಹಾಳಾಗಿದೆ ಎಂಬ ನೆಪ ಬಂದರೆ ಕಾಲ್ ಕಟ್ ಮಾಡಿ.

ಬೆದರಿಕೆ ಬಂದ ಮೊದಲ ಗಂಟೆ

ಉಸಿರಾಡಿ. ಇಪ್ಪತ್ತು ನಿಮಿಷ, ಹತ್ತು ನಿಮಿಷ ಎಂದು ಅವರು ಗಡುವು ಕೊಡುವುದು ನೀವು ಯೋಚಿಸಬಾರದು, ಇನ್ನೊಬ್ಬರಿಗೆ ಹೇಳಬಾರದು ಎಂದೇ.

ಹಣ ಕೊಡಬೇಡಿ. ಡಿಜಿಟಲ್ ಫೋಟೊವನ್ನು ‘ವಾಪಸ್’ ಕೊಡಲು ಆಗುವುದಿಲ್ಲ, ಅಳಿಸಿದೆವು ಎಂಬ ಮಾತನ್ನು ಪರೀಕ್ಷಿಸಲೂ ಆಗುವುದಿಲ್ಲ. ಒಮ್ಮೆ ಕೊಟ್ಟರೆ ಅವರಿಗೆ ಖಚಿತವಾಗುವುದು ಒಂದೇ: ಈ ಮನುಷ್ಯ ಕೊಡುತ್ತಾನೆ. 2020ರಲ್ಲಿ ಫಿನ್ಲೆಂಡಿನ ವಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯ ರೋಗಿಗಳ ಕಡತ ಕದ್ದವನು ರೋಗಿಗಳಿಗೇ ನೇರವಾಗಿ ಇಮೇಲ್ ಹಾಕಿದ. 24 ಗಂಟೆಯೊಳಗೆ 200 ಯೂರೊ, ತಪ್ಪಿದರೆ 500. ಆದರೆ ಅಷ್ಟು ಹೊತ್ತಿಗೆ ಆ ಕಡತಗಳು ಕದ್ದವನ ಕೈಮೀರಿ ಹೊರಬಿದ್ದಿದ್ದವು. ಹಣ ಕೊಟ್ಟವರಿಗೆ ಅದರಿಂದ ಏನೂ ವಾಪಸ್ ಸಿಗುವಂತಿರಲಿಲ್ಲ.

ಉತ್ತರ ನಿಲ್ಲಿಸಿ. ಬೈಯುವುದು, ಬೇಡಿಕೊಳ್ಳುವುದು, ‘ಪೊಲೀಸರಿಗೆ ಹೇಳ್ತೀನಿ’ ಎನ್ನುವುದು ಯಾವುದೂ ಬೇಡ. ನಿಮ್ಮ ಪ್ರತಿ ಮೆಸೇಜೂ ನೀವು ಹೆದರಿ ಕೂತಿದ್ದೀರಿ ಎಂದು ಹೇಳುತ್ತದೆ.

ಬ್ಲಾಕ್ ಮಾಡುವ ಮೊದಲು ಸಾಕ್ಷ್ಯ ತೆಗೆದಿಡಿ. ಇದರಲ್ಲಿ ಜನ ಹೆಚ್ಚಾಗಿ ಎಡವುತ್ತಾರೆ; ಗಾಬರಿಯಲ್ಲಿ ಚಾಟ್ ಅಳಿಸಿ, ಖಾತೆಯನ್ನೂ ಅಳಿಸಿಬಿಡುತ್ತಾರೆ, ಆಮೇಲೆ ದೂರು ಕೊಡಲು ಕೈಯಲ್ಲಿ ಏನೂ ಇರುವುದಿಲ್ಲ. ಪೂರ್ತಿ ಚಾಟ್‌ನ ಸ್ಕ್ರೀನ್‌ಶಾಟ್ ದಿನಾಂಕ, ಸಮಯ ಕಾಣುವಂತೆ ತೆಗೆಯಿರಿ. ಪ್ರೊಫೈಲಿನ ಹೆಸರಿಗಿಂತ ಅದರ ಲಿಂಕ್ ಮುಖ್ಯ, ಹೆಸರನ್ನು ಅವರು ಯಾವಾಗ ಬೇಕಾದರೂ ಬದಲಿಸುತ್ತಾರೆ. ಫೋನ್ ನಂಬರ್, ಹಣ ಕಳಿಸಲು ಹೇಳಿದ ಖಾತೆಯ ವಿವರ ಅಥವಾ ಕ್ರಿಪ್ಟೊ ವಿಳಾಸ, ಎಲ್ಲವನ್ನೂ ಒಂದು ಫೋಲ್ಡರ್‌ನಲ್ಲಿಡಿ. ಚಿತ್ರದಲ್ಲಿರುವವರು ಅಪ್ರಾಪ್ತ ವಯಸ್ಸಿನವರಾಗಿದ್ದರೆ ಆ ಚಿತ್ರವನ್ನು ಮಾತ್ರ ಸಾಕ್ಷ್ಯವೆಂದು ಕೂಡ ನಕಲು ಮಾಡಬೇಡಿ, ಯಾರಿಗೂ ಕಳಿಸಬೇಡಿ. ಚಾಟ್ ಹಾಗೇ ಉಳಿಸಿ ಪೊಲೀಸರಿಗೆ ಫೋನಿನಲ್ಲೇ ತೋರಿಸಿ.

ಇಷ್ಟಾದ ಮೇಲೆ ಆ ಖಾತೆಯನ್ನು ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ. ನಿಮ್ಮ ಖಾತೆಯನ್ನು ಅಳಿಸದೆ ತಾತ್ಕಾಲಿಕವಾಗಿ ಡಿಆಕ್ಟಿವೇಟ್ ಮಾಡಿ. ಹೊಸ ಖಾತೆಗಳಿಂದ ಮತ್ತೆ ಬರುತ್ತಾರೆ, ಎತ್ತಬೇಡಿ.

ಒಬ್ಬರಿಗೆ ಹೇಳಿ. ನಿಮ್ಮ ಮೇಲೆ ರೇಗದ, ಕಿವಿಗೊಡುವ ಒಬ್ಬರು ಸಾಕು. ಬೆದರಿಕೆ ನಿಂತಿರುವುದೇ ಗುಟ್ಟಿನ ಮೇಲೆ. ಗುಟ್ಟು ನಿಮ್ಮ ಬಾಯಿಂದಲೇ ಹೊರಬಂದರೆ ಅವರ ಹಿಡಿತ ಅಲ್ಲೇ ಸಡಿಲವಾಗುತ್ತದೆ. ಮುಂದಿನ ಹೆಜ್ಜೆ ಕಷ್ಟದ್ದು, ಆದರೆ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಇದನ್ನೇ: ಅವರು ಸುತ್ತು ಹಾಕಿದ ಹೆಸರುಗಳಿಗೆ ನೀವೇ ಮೊದಲು ತಿಳಿಸಿ. ಆ ರಾತ್ರಿ ನಾವು ಬರೆದ ಮೆಸೇಜ್ ಇಷ್ಟೇ. ‘ಯಾರೋ ನನ್ನ ಹೆಸರಲ್ಲಿ ಫೋಟೊ, ವಿಡಿಯೊ ಕಳಿಸಿ ಹಣ ಕೀಳಲು ನೋಡುತ್ತಿದ್ದಾರೆ. ಗೊತ್ತಿಲ್ಲದ ಖಾತೆಯಿಂದ ಏನಾದರೂ ಬಂದರೆ ತೆರೆಯಬೇಡಿ, ಫಾರ್ವರ್ಡ್ ಮಾಡಬೇಡಿ. ಖಾತೆಯ ಹೆಸರು ನನಗೆ ತಿಳಿಸಿ, ರಿಪೋರ್ಟ್ ಮಾಡಿ. ದೂರು ಕೊಡುತ್ತಿದ್ದೇನೆ.’ ವಿವರಣೆ, ಕ್ಷಮಾಪಣೆ ಯಾವುದೂ ಬೇಕಿಲ್ಲ. ಬೆಳಗಿನ ಜಾವ ಅವನ ಅಕ್ಕನಿಗೆ ನಿಜಕ್ಕೂ ಒಂದು ಮೆಸೇಜ್ ರಿಕ್ವೆಸ್ಟ್ ಬಂತು. ಅವಳು ತೆರೆಯದೆ ರಿಪೋರ್ಟ್ ಮಾಡಿ, ತಮ್ಮನಿಗೆ ಫೋನ್ ಮಾಡಿ ‘ತಿಂಡಿ ತಿಂದ್ಯೇನೋ’ ಎಂದು ಕೇಳಿದಳು.

ನಂತರ ನಿಮ್ಮ ದೇಶದ ಸೈಬರ್ ಅಪರಾಧ ವಿಭಾಗಕ್ಕೆ ಅಥವಾ ಪೊಲೀಸರಿಗೆ ದೂರು ಕೊಡಿ. ದೂರಿನ ಸಂಖ್ಯೆ ಜೋಪಾನವಾಗಿಡಿ, ಬ್ಯಾಂಕಿಗೂ ಜಾಲತಾಣಗಳಿಗೂ ಅದು ಬೇಕಾಗುತ್ತದೆ.

ಚಿತ್ರ ಹರಡದಂತೆ ತಡೆಯುವುದು

ಈ ಕೆಲಸಕ್ಕೆ ಎರಡು ಉಚಿತ ವ್ಯವಸ್ಥೆಗಳಿವೆ. 18 ದಾಟಿದವರಿಗೆ 2021ರಲ್ಲಿ ಶುರುವಾದ ಸ್ಟಾಪ್ ಎನ್‌ಸಿಐಐ (ಒಪ್ಪಿಗೆಯಿಲ್ಲದೆ ಖಾಸಗಿ ಚಿತ್ರ ಹರಡುವುದನ್ನು ತಡೆಯುವ ತಾಣ). ಚಿತ್ರ ತೆಗೆದಾಗ 18 ತುಂಬಿರದವರಿಗೆ ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆ ನಡೆಸುವ ‘ಟೇಕ್ ಇಟ್ ಡೌನ್’. ಎರಡೂ ಜಗತ್ತಿನ ಯಾವ ಮೂಲೆಯವರಿಗೂ ತೆರೆದಿವೆ.

ಇವು ಕೆಲಸ ಮಾಡುವ ಬಗೆ ಗೊತ್ತಿದ್ದರೆ ಭಯ ಕಡಿಮೆಯಾಗುತ್ತದೆ. ನೀವು ಚಿತ್ರವನ್ನು ಆರಿಸಿದಾಗ ಅದು ನಿಮ್ಮ ಫೋನ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಅಲ್ಲೇ ಅದರಿಂದ ಅಂಕಿ ಅಕ್ಷರಗಳ ಒಂದು ಸಾಲು, ಅಂದರೆ ಹ್ಯಾಶ್, ತಯಾರಾಗುತ್ತದೆ. ಬೆರಳಚ್ಚಿನ ಹಾಗೆ, ಬೆರಳಚ್ಚಿನಿಂದ ಮುಖ ಬಿಡಿಸಲಾಗದಂತೆ ಹ್ಯಾಶ್‌ನಿಂದ ಚಿತ್ರ ಮರಳಿ ಬರದು. ಆ ಸಾಲಷ್ಟೇ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್‌ನಂಥ ಪಾಲುದಾರ ತಾಣಗಳಿಗೆ ಹೋಗುತ್ತದೆ. ಅದೇ ಚಿತ್ರವನ್ನು ಯಾರಾದರೂ ಅಲ್ಲಿ ಹಾಕಿದರೆ ಹ್ಯಾಶ್ ತಾಳೆಯಾಗಿ ಸಿಕ್ಕಿಬೀಳುತ್ತದೆ. ಪಾಲುದಾರರಲ್ಲದ ತಾಣಗಳಲ್ಲಿ, ಖಾಸಗಿ ಚಾಟ್‌ಗಳಲ್ಲಿ ಇದರ ಕೈ ಓಡದು. ಆದರೂ ಚಿತ್ರ ಇನ್ನೂ ಹೊರಬೀಳುವ ಮೊದಲೇ ಹ್ಯಾಶ್ ಮಾಡಿಡಬಹುದು ಎಂಬುದು ದೊಡ್ಡ ಅನುಕೂಲ.

ಹುಡುಕಾಟದ ಫಲಿತಾಂಶದಲ್ಲಿ ಕಾಣಿಸಿಕೊಂಡರೆ ಗೂಗಲ್‌ಗೆ, ಬಿಂಗ್‌ಗೆ ತೆಗೆದುಹಾಕುವಂತೆ ಕೋರುವ ಫಾರಂಗಳಿವೆ. ನಿಮ್ಮ ಸಾದಾ ಫೋಟೊವನ್ನು ಎಐಗೆ ಹಾಕಿ ನಗ್ನ ಚಿತ್ರ ಮಾಡಿದ್ದರೂ ದಾರಿ ಇದೇ. ‘ಅದು ನಾನಲ್ಲ’ ಎಂದು ಸಾಬೀತು ಮಾಡುತ್ತಾ ದಿನ ಕಳೆಯಬೇಡಿ. ಸುಳ್ಳು ಚಿತ್ರವೂ ದೂರಿಗೆ ಅರ್ಹ.

ಹಣ ಕೊಟ್ಟಾಗಿದ್ದರೆ

ಇನ್ನೊಂದು ಪೈಸೆ ಬೇಡ. ಬ್ಯಾಂಕಿಗೆ ತಕ್ಷಣ ಫೋನ್ ಮಾಡಿ. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯಲು ಒಂದೊಂದು ನಿಮಿಷವೂ ಮುಖ್ಯ. ಕೆಲವು ದಿನ ಕಳೆದು ‘ಸೈಬರ್ ಪೊಲೀಸ್’ ಎಂದು ಹೇಳಿಕೊಂಡು ಒಬ್ಬ ಫೋನ್ ಮಾಡಬಹುದು, ವಿಡಿಯೊ ಅಪ್‌ಲೋಡ್ ಆಗಿದೆ, ತೆಗೆಸಲು ಶುಲ್ಕ ಕಟ್ಟಿ ಎನ್ನಬಹುದು. ಇನ್ನೊಬ್ಬ ‘ಎಥಿಕಲ್ ಹ್ಯಾಕರ್’ ಎಂದು ಬಂದು ಅವರ ಫೋನಿನಿಂದಲೇ ಅಳಿಸಿಕೊಡುತ್ತೇನೆ ಎನ್ನಬಹುದು. ರುಚಿ ಕಂಡ ಬೆಕ್ಕು ಬೇರೆ ಬಾಗಿಲಿನಿಂದ ಬರುತ್ತಿದೆ, ಅಷ್ಟೇ. ನಿಜವಾದ ಪೊಲೀಸರು ದೂರಿನ ಬಗ್ಗೆ ಕೆಲಸ ಮಾಡಲು ನಿಮ್ಮಿಂದ ಹಣ ಕೇಳುವುದಿಲ್ಲ.

ನಿಮ್ಮ ಹತ್ತಿರ ಯಾರಾದರೂ ಬಂದು ಹೇಳಿಕೊಂಡರೆ

ಇದಕ್ಕೆ ಸಿಕ್ಕಿ ಜೀವ ಕಳೆದುಕೊಂಡ ಹದಿಹರೆಯದ ಮಕ್ಕಳಿದ್ದಾರೆ. ಬೆದರಿಕೆ ಬಂದ ಕೆಲವೇ ಗಂಟೆಗಳಲ್ಲಿ ಹಾಗಾದದ್ದೂ ಇದೆ. ಆದ್ದರಿಂದ ಮಗ, ಮಗಳು, ತಮ್ಮ, ಗೆಳತಿ ಯಾರೇ ಬಂದರೂ ಮೊದಲ ಮಾತು ‘ಯಾಕೆ ಕಳಿಸಿದೆ’ ಎಂದಾಗಬಾರದು. ‘ಹೇಳಿದ್ದು ಒಳ್ಳೇದಾಯ್ತು, ನಾನಿದ್ದೀನಿ’ ಎನ್ನಿ. ಅವರ ಫೋನ್ ನಿಮ್ಮ ಕೈಗೆ ತೆಗೆದುಕೊಳ್ಳಿ. ಆ ಮೆಸೇಜ್‌ಗಳನ್ನು ಮತ್ತೆ ಮತ್ತೆ ನೋಡುವುದೇ ಅವರಿಗೆ ಹಿಂಸೆ, ಸ್ಕ್ರೀನ್‌ಶಾಟ್ ತೆಗೆಯುವ ಕೆಲಸ ನೀವು ಮಾಡಿ. ಚಿತ್ರ ತೆರೆದು ನೋಡಬೇಡಿ, ನೋಡಿಲ್ಲ ಎಂದು ಹೇಳಿ. ಆ ರಾತ್ರಿ ಒಬ್ಬರೇ ಮಲಗಲು ಬಿಡಬೇಡಿ. ಬದುಕೇ ಬೇಡ ಎಂಬ ಮಾತು ಬಂದರೆ ಬೆಳಗಾಗಲಿ ಎಂದು ಕಾಯದೆ ನಿಮ್ಮಲ್ಲಿನ ಆತ್ಮಹತ್ಯೆ ತಡೆ ಸಹಾಯವಾಣಿಗೆ ಅಥವಾ ವೈದ್ಯರಿಗೆ ಆಗಲೇ ಫೋನ್ ಮಾಡಿ. ದೂರು ಕೊಡಲು ಹೋಗುವಾಗ ಜೊತೆಗೆ ಹೋಗಿ, ಆದದ್ದನ್ನು ಅಲ್ಲಿ ಹೇಳಲು ಅವರಿಗೆ ಬಾಯಿ ಬರದಿದ್ದರೆ ಬರೆದುಕೊಂಡು ಹೋದ ಹಾಳೆಯನ್ನು ನೀವು ಓದಿ ಹೇಳಿ.